ಮೀನಿನ ಬಸ್ಸು

ಆ ಬೆಳಿಗ್ಗೆ ಕಂಡಕ್ಟರ್ ಶಿವನಂಜಯ್ಯ ಎಷ್ಟು ಸಲ ಗಂಟೆ ಬಾರಿಸಿದರೂ ಒಂದು ಮೀನೂ ಹೊಳೆದಡದ ಸ್ಟಾಪಿಗೆ ಬರಲಿಲ್ಲ. ಅವರು ಪುಟ್ಟವ್ವ ಎಂದು ಕರೆಯುತ್ತಿದ್ದ ಮೀನಿನ ಹೆಣ ಮಾತ್ರ ದಡದ ಮೆಟ್ಟಿಲಿಗೆ ತಾಗಿಕೊಂಡು ತೇಲುತ್ತಿತ್ತು. ಹರಿದ ರೆಕ್ಕೆಯ ಆ ದೇವರಮೀನೇ ಹೊಳೆಯ ಕೊನೆಯದು.

ಹೊಳೆಗೆ ಅಡ್ಡ ನಿಂತ ಅಣೆಕಟ್ಟಿನ ಗೋಡೆ ಒಡೆದುಹಾಕಿದರೆ ಲಾಭವೋ ನಷ್ಟವೋ ಎಂದು ಸಮಿತಿ ತೂಗುತ್ತ ಕೂತ ಇಪ್ಪತ್ತೆರಡು ಮುಂಗಾರೂ ಶಿವನಂಜಯ್ಯ ಮೀನುಗಳನ್ನು ನೀರು ತುಂಬಿದ ಸರ್ಕಾರಿ ಬಸ್ಸಿನಲ್ಲಿ ಗೋಡೆಯಾಚೆ ಮೊಟ್ಟೆಯಿಡಲು ಕರೆದೊಯ್ದಿದ್ದರು.

ಅಷ್ಟರಲ್ಲಿ ಸಮಿತಿಯ ಕಾರ್ಯದರ್ಶಿ ವಾಸುಕಿರಾಯರು ನಗುನಗುತ್ತ ಜೀಪಿನಿಂದ ಇಳಿದರು.

“ಶಿವನಂಜಯ್ಯ, ತೀರ್ಮಾನ ಆಯ್ತು! ಹೊಳೆ ಹರಿಯೋಕೆ ಬಿಟ್ಟರೆ ಮೀನಿಗೆ ಲಾಭ ಅಂತ ಎಲ್ಲರೂ ಒಪ್ಪಿದೀವಿ.”

“ಯಾವ ಮೀನಿಗೆ, ಸ್ವಾಮಿ?”

ರಾಯರು ನೀರಿನತ್ತ ನೋಡಿ ಮೂಗು ಮುಚ್ಚಿಕೊಂಡರು. “ಛೆ! ಮೀನೇ ಇಲ್ಲ ಅಂದ್ಮೇಲೆ ಗೋಡೆ ಒಡೆಯೋದು ದಂಡ. ಇನ್ನೊಂದು ಸಭೆ ಕರೀಬೇಕು.”

“ಕರೀರಿ, ಬೋಂಡ ಬಿಸಿಯಾಗಿರಲಿ. ಇಷ್ಟು ವರ್ಷದ ಸಭೇಲಿ ತೂಕ ಏರಿದ್ದು ನಿಮ್ಮ ಹೊಟ್ಟೇದು ಒಂದೇ.”

ಶಿವನಂಜಯ್ಯ ಪುಟ್ಟವ್ವನನ್ನು ಎತ್ತಿ ಬಸ್ಸಿನ ನೀರಿನಲ್ಲಿ ಮಲಗಿಸಿ, ಡ್ರೈವರಿಗೆ “ರೈಟ್” ಎಂದರು. ಗೋಡೆಯಾಚೆ ಅವಳ ಹಣೆಗೆ ವಿಭೂತಿ ಹಚ್ಚಿ, ಹೊಳೆಗೆ ಇಳಿಸಿ ಕೈಮುಗಿದರು.

“ಶಿವನೇ, ಈ ಜೀವದ ದಾರಿಗೆ ಇನ್ನೊಂದು ಗೋಡೆ ಅಡ್ಡ ಬರದಿರಲಿ. ನಿನ್ನ ಪಾದದಲ್ಲಿ ಅವಳಿಗೆ ಶಾಂತಿ ಕೊಡಪ್ಪಾ.”