ನಡುದಾರಿಯಲ್ಲಿ ಇಳಿಯುವವರು

ವಿಮಾನ ಹತ್ತಿ ಕೂತವಳೇ ಅಮ್ಮ ಹಿಂದೆ ತಿರುಗಿ ತಲೆ ಎಣಿಸಿದಳು. ಶಾಲಾ ವ್ಯಾನು ಓಡಿಸುವವಳ ಅಭ್ಯಾಸ. ಸೀಟುಗಳನ್ನೆಲ್ಲ ಕಿತ್ತುಹಾಕಿದ ಹಿಂಭಾಗದಲ್ಲಿ ನಾಲ್ವರು ಮಂಡಿ ಮಡಚಿ ಕೂತಿದ್ದರು. ಇಬ್ಬರು ಹಳೇ ಹುಲಿಗಳು, ವಿಮಾನದಿಂದ ಹಾರುವುದೆಂದರೆ ಅವರಿಗೆ ನೀರು ಕುಡಿದಷ್ಟು ಸುಲಭ. ಮೂರನೆಯವನು ತರಬೇತುದಾರ. ಅವನ ಎದೆಗೆ ಪಟ್ಟಿಗಳಿಂದ ಬಿಗಿಸಿಕೊಂಡು ಕೂತವನು ಒಬ್ಬ ಬ್ಯಾಂಕ್ ಗುಮಾಸ್ತ. ಮುಂದಿನ ವಾರ ಅವನ ಮದುವೆ. ಗೆಳೆಯರೆಲ್ಲ ಸೇರಿ ಅವನನ್ನು ಆಕಾಶದಿಂದ ಹಾರಿಸುವುದನ್ನೇ ಉಡುಗೊರೆ ಮಾಡಿದ್ದರು.

ಅಮ್ಮನ ಬೆನ್ನಿಗೂ ಒಂದು ಪ್ಯಾರಾಚೂಟ್ ಕಟ್ಟಿದ್ದರು. ಇದ್ಯಾಕೆ ಎಂದು ಕೇಳಿದ್ದಕ್ಕೆ, ಒರಗಿಕೊಳ್ಳಲು ಮೆತ್ತಗಿರಲಿ ಅಂತ ಎಂದು ಪಕ್ಕದ ಪೈಲಟ್ ಸೀಟಿನಲ್ಲಿದ್ದ ಮಗಳು ಹೇಳಿ, ಮುಂದಿನ ಪ್ರಶ್ನೆ ಬರುವ ಮೊದಲೇ ಎಂಜಿನ್ ಶುರು ಮಾಡಿದಳು.

ಮಗಳ ಕಣ್ಣು ಸರಕು ವಿಮಾನದ ಕಂಪನಿಯೊಂದರ ಪೈಲಟ್ ಕೆಲಸದ ಮೇಲಿತ್ತು. ಅವರು ಕೇಳಿದ್ದು ಸಾವಿರದೈನೂರು ಗಂಟೆ ಹಾರಾಟದ ಅನುಭವ. ಅದನ್ನು ಹನಿಹನಿಯಾಗಿ ಕೂಡಿಹಾಕಲೆಂದೇ ಅವಳು ಎರಡು ವರ್ಷದಿಂದ ಜನರನ್ನು ಮೇಲಕ್ಕೆ ಒಯ್ದು, ಅವರು ಧುಮುಕಿದ ಮೇಲೆ ಖಾಲಿ ವಿಮಾನ ಇಳಿಸಿಕೊಂಡು ಬರುತ್ತಿದ್ದಳು. ಇನ್ನು ಕೆಲವು ವಾರಗಳಲ್ಲಿ ಗಂಟೆಗಳು ತುಂಬುತ್ತಿದ್ದವು. ಆದರೆ ಅಮ್ಮನಿಗೆ ಮಾತ್ರ ಆ ಸರಕಿನ ಕೆಲಸ ಗಂಟಲಲ್ಲಿ ಇಳಿಯದ ತುತ್ತು. ಮಗಳು ಪೈಲಟ್ ಅಂದರೆ ಸಾಕು, ನೆಂಟರು ಯಾವ ವಿಮಾನ, ನಾವೂ ಹತ್ತಬಹುದಾ ಎನ್ನುತ್ತಾರೆ. ಡಬ್ಬ ಸಾಗಿಸೋ ವಿಮಾನ ಎಂದು ಹೇಳಲು ನಾಲಿಗೆ ಹೊರಳುವುದಿಲ್ಲ ಎಂದು ಆಕೆಯ ವರಾತ. ಒಂದು ಸಲ ಬಂದು ನನ್ನ ಕೆಲಸ ನೋಡು, ಆಮೇಲೆ ಎಷ್ಟು ಬೇಕಾದರೂ ಬೈಯಿ ಎಂದು ಮಗಳು ಈ ಸ್ಕೈಡೈವಿಂಗ್ ಕೇಂದ್ರದ ಮಾಲೀಕನನ್ನು ಕಾಡಿ ಬೇಡಿ ಒಪ್ಪಿಸಿ, ಈ ದಿನ ಅವಳನ್ನು ಕರೆತಂದಿದ್ದಳು.

ಮೇಲೇರುವಷ್ಟು ಹೊತ್ತೂ ಅಮ್ಮನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಬಾಗಿಲು ತೆರೆದು ಗಾಳಿ ಭೋರೆಂದು ಒಳನುಗ್ಗಿದಾಗ ಹಳೇ ಹುಲಿಗಳಿಬ್ಬರೂ ಬಸ್ಸಿನಿಂದ ಇಳಿದಷ್ಟು ಸಲೀಸಾಗಿ ಇಳಿದೇಬಿಟ್ಟರು. ಅಮ್ಮ ಕಣ್ಣು ಮುಚ್ಚಿಕೊಂಡಳು. ಕಣ್ಣು ಬಿಟ್ಟಾಗ ಗುಮಾಸ್ತನ ಕಾಲುಗಳು ಹೊರಗಿದ್ದವು, ಎರಡೂ ಕೈ ಬಾಗಿಲ ಚೌಕಟ್ಟನ್ನು ಉಡದ ಹಾಗೆ ಹಿಡಿದಿದ್ದವು. ತರಬೇತುದಾರ ಅವನ ಕಿವಿಯಲ್ಲಿ ಏನೇನೋ ಹೇಳಿದ. ಗುಮಾಸ್ತ ತಲೆಯಾಡಿಸಿದನೇ ಹೊರತು ಕೈ ಬಿಡಲಿಲ್ಲ.

ಹಾರುವ ಜಾಗ ದಾಟಿಹೋಯಿತು. ಯಾಕೆ ತಡ ಎಂದು ಕೆಳಗಿನಿಂದ ಮಾಲೀಕ ರೇಡಿಯೋದಲ್ಲಿ ಕೇಳಿದ. ಮಗಳು ವಿಷಯ ಹೇಳಿದಳು. ಇನ್ನೊಂದು ಸುತ್ತು ಹಾಕು, ಹಾರುತ್ತಾನೆ, ಹತ್ತಿದವರು ಹಾಗೇ ವಾಪಸ್ ಬಂದರೆ ನಮ್ಮ ಹೆಸರು ಕೆಡುತ್ತೆ ಎಂದ. ನಾಳೆ ಕಂಪನಿಯವರು ಅವಳ ಬಗ್ಗೆ ವಿಚಾರಿಸುವುದು ಇದೇ ಮಾಲೀಕನ ಹತ್ತಿರ. ಮಗಳು ತುಟಿ ಕಚ್ಚಿಕೊಂಡು ವಿಮಾನ ತಿರುಗಿಸಿದಳು.

ಎರಡನೇ ಸುತ್ತಿಗೂ ಗುಮಾಸ್ತನ ಕೈ ಸಡಿಲವಾಗಲಿಲ್ಲ. ಆಗ ಅಮ್ಮ ಸೀಟಿನಲ್ಲೇ ತಿರುಗಿದಳು. ಮಕ್ಕಳ ಗಲಾಟೆಯ ಮೇಲೆ ವರ್ಷಗಟ್ಟಲೆ ಪಳಗಿದ ಗಂಟಲು ಅದು. ಗಾಳಿಯ ಸದ್ದು ಅದರ ಮುಂದೆ ಯಾವ ಲೆಕ್ಕ?

"ಕಾಲು ಒಳಗೆ ತಗೋ. ಕೂತ್ಕೋ. ಬೆಲ್ಟ್ ಹಾಕ್ಕೋ."

ಗುಮಾಸ್ತ ಕಾಲು ಒಳಗೆಳೆದುಕೊಂಡ. ಅವನಿಗೆ ಅಂಟಿಕೊಂಡೇ ಇದ್ದ ತರಬೇತುದಾರನೂ ಮರುಮಾತಿಲ್ಲದೆ ಕೂತು ಬೆಲ್ಟ್ ಹುಡುಕತೊಡಗಿದ. ಮಾಲೀಕ ಮತ್ತೆ ಕರೆದಾಗ ಮಗಳು, "ಇಬ್ಬರನ್ನೂ ಇಳಿಸ್ಕೊಂಡು ಬರ್ತಾ ಇದೀನಿ ಸರ್" ಎಂದಷ್ಟೇ ಹೇಳಿದಳು. ಖಾಲಿ ವಿಮಾನವನ್ನು ಅವಳು ಹದ್ದು ಎರಗಿದ ಹಾಗೆ ಇಳಿಸುತ್ತಿದ್ದಳು. ಇವತ್ತು ಹಿಂದೆ ಜನ ಇದ್ದರು, ಪಕ್ಕದಲ್ಲಿ ಅಮ್ಮ ಇದ್ದಳು. ನಿಧಾನವಾಗಿ ದೊಡ್ಡ ಸುತ್ತು ಹಾಕಿ, ಮಲಗಿದ ಮಗುವಿಗೆ ಎಚ್ಚರವಾಗದಂತೆ ತೂಗುವ ತೊಟ್ಟಿಲು ನಿಲ್ಲಿಸಿದ ಹಾಗೆ ನೆಲ ಮುಟ್ಟಿಸಿದಳು. ಅಮ್ಮನ ಬಲಗಾಲು ಯಾವಾಗಲೋ ಬ್ರೇಕು ಬಿಟ್ಟಿತ್ತು.

ಮಾಲೀಕ ಮುಖ ಗಂಟು ಹಾಕಿಕೊಂಡು ಬಂದ. ಮಗಳು ಬಾಯಿ ತೆರೆಯುವ ಮೊದಲೇ ಅಮ್ಮ, ಹತ್ತಿದವರು ಇಳಿಸಿ ಅಂದರೆ ಇಳಿಸಬೇಕು, ಅದು ಗಾಡಿ ಓಡಿಸುವವರ ಧರ್ಮ ಎಂದು ಅವನಿಗೇ ಪಾಠ ಹೇಳಿದಳು. ಅವನು ಅಮ್ಮನನ್ನು ನೋಡಿದ, ಮಗಳನ್ನು ನೋಡಿದ. ಕಂಪನಿಯವರು ಕೇಳಿದರೆ ಹುಡುಗಿ ಹಟಮಾರಿ ಅಂತಲೇ ಹೇಳುತ್ತೇನೆ, ಇಳಿಸುವುದು ಮಾತ್ರ ಬೆಣ್ಣೆ ಅಂತಲೂ ಹೇಳುತ್ತೇನೆ ಎಂದು ಗೊಣಗಿ ಮುಂದಿನ ತಂಡವನ್ನು ಕರೆಯಲು ಹೋದ. ಗೆಳೆಯರ ನಗುವಿನ ನಡುವೆಯೇ ಗುಮಾಸ್ತ ಹಿಂದಿರುಗಿ ಬಂದು ಮಗಳಿಗೆ ಕೈ ಮುಗಿದ. ಎರಡು ವರ್ಷದಲ್ಲಿ ಅವಳ ವಿಮಾನ ಹತ್ತಿದವರು ಎಷ್ಟೋ ಜನ. ನೆಲಕ್ಕೆ ಬಂದ ಮೇಲೆ ಪೈಲಟನ್ನು ಹುಡುಕಿಕೊಂಡು ಬಂದವನು ಇವನೊಬ್ಬನೇ.

ಅಮ್ಮ ವ್ಯಾನಿನ ಬಾಗಿಲು ತೆರೆದು ಕೂತಳು. ಬೈಗುಳ ಎಲ್ಲಿಂದ ಶುರುವಾಗುತ್ತದೋ ಎಂದು ಮಗಳು ಕಿಟಕಿ ಹಿಡಿದು ನಿಂತಳು.

"ಡಬ್ಬದ ಕೆಲಸಕ್ಕೇ ಹೋಗು," ಎಂದಳು ಅಮ್ಮ. "ಡಬ್ಬಗಳು ನಡುದಾರೀಲಿ ಬಾಗಿಲು ತೆಗೆದು ಇಳಿಯಲ್ಲ. ಅದನ್ನ ಹಾರಿಸೋದು ರಾತ್ರಿ ಹೊತ್ತು ಅಲ್ವಾ?"

"ಹೂಂ, ಹೆಚ್ಚಾಗಿ ರಾತ್ರೀನೇ."

ಅಮ್ಮ ಕನ್ನಡಿ ಸರಿಮಾಡಿಕೊಂಡು ಗೇರ್ ಹಾಕಿದಳು. "ಹಾಗಾದ್ರೆ ನಮ್ಮನೆ ಮೇಲೆ ಹೋಗ್ವಾಗ ಒಂದ್ಸಲ ಹಾರ್ನ್ ಹೊಡಿ. ಎದ್ದಿರ್ತೀನಿ."

ವಿಮಾನದಲ್ಲಿ ಹಾರುವಾಗ ಹೊಡೆಯುವ ಹಾರ್ನೇ ಇರುವುದಿಲ್ಲ. ಅದನ್ನು ಹೇಳಲು ಮಗಳಿಗೆ ಮನಸ್ಸು ಬರಲಿಲ್ಲ.

"ಹೊಡೀತೀನಮ್ಮ" ಎಂದಳು.