ದ್ಯಾಮಣ್ಣನ ಎಡಗೈ

“ನಮ್ಮ ಮನಿಯವರು ಎಡಚರು ಅಲ್ರೀ ಸರ್,” ಎಂದಳು ದಾನವ್ವ. ಬೆಂಗೇರಿಯಿಂದ ಬಸ್ಸು ಹಿಡಿದು ಧಾರವಾಡಕ್ಕೆ ಬಂದು, ನಾಲ್ಕು ಕಡೆ ವಿಚಾರಿಸಿ ಕತೆಗಾರ ಶಂಭುಲಿಂಗನ ಬಾಗಿಲು ತಟ್ಟಿದವಳು ಕುಳಿತ ಮೇಲೆ ಆಡಿದ ಮೊದಲ ಮಾತೇ ಅದು. “ನೀವು ಎಡಚರನ್ನ ಮಾಡೀರಿ. ಈಗ ಎಡಗೈಲೆ ಚಹಾ ಕುಡ್ಯಾಕತ್ತಾರ.”

“ಯಾರು, ಅಕ್ಕಾರ?”

“ಹೆಸರು ನಾ ಹೆಂಗ ಹೇಳ್ಲಿ? ನೀವ ಪೇಪರಿನ್ಯಾಗ ಹಾಕೀರಲ್ಲ, ಅಡ್ಡಹೆಸರಿನ ಸಮೇತ. ಬಾಜೂ ಮನಿ ಹುಡುಗಿ ಆರ್ಜೂ ಓದಿ ಹೇಳಿದಳು.”

ಶಂಭುಲಿಂಗನಿಗೆ ತಕ್ಷಣ ಹೊಳೆಯಿತು. ಹಿಂದೊಮ್ಮೆ ಓಣಿಯವನೊಬ್ಬನ ಹೆಸರನ್ನು ಕತೆಯಲ್ಲಿ ಬಳಸಿ, ಆ ಮಹಾಶಯ ಮನೆಯವರೆಗೂ ಬಂದು ಮರ್ಯಾದೆ ತೆಗೆದ ಮೇಲೆ ಅವನು ಒಂದು ಉಪಾಯ ಕಂಡುಕೊಂಡಿದ್ದ. ಸರ್ಕಲ್ಲುಗಳಲ್ಲಿ ಕಟ್ಟಿದ ಶ್ರದ್ಧಾಂಜಲಿ ಫ್ಲೆಕ್ಸುಗಳನ್ನು ನೋಡಿ ಹೆಸರು ಆರಿಸಿಕೊಳ್ಳುವುದು. ಸತ್ತವರು ಜಗಳಕ್ಕೆ ಬರುವುದಿಲ್ಲ ಎಂಬುದು ಅವನ ಧೈರ್ಯ. ಹೆಂಡತಿಗೆ ಹೊಡೆಯುವ ಗಂಡನೊಬ್ಬನಿಗೆ ಹೆಸರು ಬೇಕಾಗಿದ್ದಾಗ, ಬೆಂಗೇರಿಯಲ್ಲಿ ‘ದ್ಯಾಮಣ್ಣ ಮೆಣಸಿನಕಾಯಿ’ ಎಂಬ ಫ್ಲೆಕ್ಸು ಕಂಡು, ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿದಂತಾಗಿತ್ತು. ಹೆಸರನ್ನೂ ಮುಖವನ್ನೂ ಫೋಟೋದಲ್ಲಿದ್ದಂತೆಯೇ ಎತ್ತಿಕೊಂಡಿದ್ದ. ಎಡಗೈ ಏಟೂ ಸೇರಿ ಉಳಿದದ್ದೆಲ್ಲ ಕಲ್ಪನೆ. ಕತೆ ಹೋದ ಭಾನುವಾರ ಅಚ್ಚಾಗಿತ್ತು.

“ತಪ್ಪಾತು ಅಕ್ಕಾರ, ಹೆಸರು ಹಾಕಬಾರದಿತ್ತು. ಆದ್ರ ಅದು ಬರೇ ಕತಿ, ಖರೇ ಅಲ್ಲ.”

ದಾನವ್ವ ಅವನ ಮಾತಿಗೆ ಕಿವಿಗೊಡಲೇ ಇಲ್ಲ. “ಕತಿ ಬಂದ ದಿನಾ ಮಧ್ಯಾಹ್ನ ಮನಿಯವರು ಬಂದ್ರು. ಹಿಂದಿನಗತೇನ ಕಟ್ಟಿ ಮ್ಯಾಲೆ ಕುಂತಿದ್ರು. ನನಗ ಹೆದರಿಕಿ ಆಗಲಿಲ್ಲರಿ, ಜೀವ ಹಗುರಾತು. ಓಡಿಹೋಗಿ ಚಹಾ ಮಾಡಿ ತಂದೆ. ಎಡಗೈ ಚಾಚಿದ್ರು.” ಆಕೆ ತಲೆಯ ಮೇಲಿನ ಸೆರಗನ್ನು ತುಸು ಹಿಂದೆ ಸರಿಸಿದಳು. ಬಲಗೆನ್ನೆಯ ಮೇಲೆ ಬೆರಳಿನ ಗುರುತುಗಳು ಮೂಡಿದ್ದವು.

ಮನೆಯಲ್ಲಿ ಯಾರೋ ಹೊಡೆದಿದ್ದಾರೆ, ಪಾಪ, ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡ ಶಂಭುಲಿಂಗ. ಹಾಗೆ ಅಂದುಕೊಂಡದ್ದರಿಂದ ಅವನಿಗೆ ಸಮಾಧಾನವೂ ಆಯಿತು. ಆ ಸಮಾಧಾನ ಮುಂದಿನ ಮಾತಿನವರೆಗೆ ಮಾತ್ರ ಬಾಳಿತು.

“ಹೊಡ್ಯೂಕಿಂತ ಮೊದಲ ಕೈಗಡಿಯಾರ ಬಿಚ್ಚಿ ಕಿಡಕ್ಯಾಗ ಇಡ್ತಾರ. ಸಾವಕಾಶ. ಇದನ್ನೊಂದು ಯಾಕ ಕಲಿಸಿದ್ರಿ, ಸರ್?”

ಗಡಿಯಾರದ ಆ ಸಾಲನ್ನು ಶಂಭುಲಿಂಗ ಬರೆದದ್ದು ನಿಜ. ಕತೆ ಉದ್ದವಾಯಿತೆಂದು ತಾನೇ ಗೀಟೆಳೆದು ತೆಗೆದಿದ್ದ. ಆ ಹಾಳೆಯನ್ನು ಹರಿದು ಒಲೆಗೂ ಹಾಕಿದ್ದ. ಅದು ಪೇಪರಿನಲ್ಲಿ ಬಂದಿರಲಿಲ್ಲ. ಹೆಂಡತಿ ಜಯಾಳಿಗೂ ಅದರ ಸುದ್ದಿ ಗೊತ್ತಿರಲಿಲ್ಲ.

“ಇನ್ನೊಂದು ಕತಿ ಬರೀತೇನಿ,” ಎಂದ. “ಅದರಾಗ ಅವರನ್ನ ಸಾಯಿಸಿಬಿಡ್ತೇನಿ. ಮತ್ತ ಬರಂಗಿಲ್ಲ.”

“ಬ್ಯಾಡ್ರಿ!” ದಾನವ್ವ ಕುರ್ಚಿಯ ತುದಿಗೆ ಬಂದಳು. “ಒಮ್ಮೆ ಮಣ್ಣ ಮಾಡೇನಿ. ಇನ್ನೊಮ್ಮೆ ನನ್ನ ಕಡಿಂದ ಆಗೂದಿಲ್ಲ. ನಮ್ಮವರು ಹೆಂಗಿದ್ರು ಹಂಗ ಬರೀರಿ, ಅಷ್ಟ ಸಾಕು.”

“ಹೆಂಗಿದ್ರು?”

“ಖಾರ ಅನ್ನೂದು ಅಡ್ಡಹೆಸರಿನ್ಯಾಗ ಅಷ್ಟ ಇತ್ರಿ. ಸಾರಿಗೆ ಉಪ್ಪು ಹೆಚ್ಚಾದ್ರ ಒಂದು ಮಾತು ಅಂತಿರ್ಲಿಲ್ಲ. ಮಜ್ಜಿಗಿ ಕಲಸ್ಕೊಂಡು ಉಂಡು ಏಳ್ತಿದ್ರು.”

“ಮತ್ತ?”

“ಮತ್ತೇನ್ರಿ? ಅಷ್ಟ.”

ಇಷ್ಟರಲ್ಲಿ ಕತೆ ಎಲ್ಲಿದೆ? ಹೊಡೆಯುವ ಗಂಡನನ್ನು ಕತೆಯಲ್ಲಿ ಮೂಡಿಸಲು ಶಂಭುಲಿಂಗನಿಗೆ ನಾಲ್ಕು ಸಾಲು ಸಾಕಾಗಿದ್ದವು. ಪಾತ್ರ ಕಣ್ಣಿಗೆ ಕಟ್ಟಿದಂತಿದೆ ಎಂದು ಫೋನು ಮಾಡಿದವರೆಲ್ಲ ಆ ಏಟನ್ನೇ ಹೊಗಳಿದ್ದರು, ಅವನೂ ಉಬ್ಬಿದ್ದ. ಆದರೆ ಮಜ್ಜಿಗೆ ಕಲಸಿಕೊಂಡು ಸುಮ್ಮನೆ ಉಣ್ಣುವ ಗಂಡಸನ್ನು ಓದುಗರು ನಂಬುವಂತೆ ಬರೆಯುವುದು ಹೇಗೆ? ಇಷ್ಟು ವರ್ಷ ಬರೆದರೂ ಒಬ್ಬ ಒಳ್ಳೆಯ ಮನುಷ್ಯನನ್ನು ತಾನು ಕತೆಯಲ್ಲಿ ನೆಟ್ಟಗೆ ನಿಲ್ಲಿಸಿಲ್ಲ ಎಂಬುದು ಅವನಿಗೆ ಈಗ, ಈ ಹೆಣ್ಣುಮಗಳ ಎದುರು ತಿಳಿದು, ನಾಚಿಕೆಯಾಯಿತು.

ಹಾಳೆ ಎಳೆದುಕೊಂಡು ಕುಳಿತ. ‘ದ್ಯಾಮಣ್ಣ ಉಣ್ಣಲು ಕುಳಿತ. ಸಾರಿಗೆ ಉಪ್ಪು ಹೆಚ್ಚಾಗಿತ್ತು.’ ಮುಂದೆ ಬರಬೇಕಾದದ್ದು ಮಜ್ಜಿಗೆ, ಅದು ಗೊತ್ತಿತ್ತು. ಆದರೆ ಪಳಗಿದ ಪೆನ್ನು ತನಗೆ ರೂಢಿಯಿದ್ದ ದಾರಿಯನ್ನೇ ಹಿಡಿಯಿತು. ‘ಅವನ ಎಡಗೈ ಮೇಲೆದ್ದಿತು’ ಎಂದು ಬರೆದ ಮೇಲೆಯೇ ಅವನಿಗೆ ಎಚ್ಚರವಾದದ್ದು. ಗೀಟು ಎಳೆಯಲು ಹೋಗಿ ತಡೆದ. ಗೀಟೆಳೆದ ಸಾಲೂ ಬೆಂಗೇರಿಗೆ ಹೋಗಿ ಮುಟ್ಟಿತ್ತಲ್ಲ.

ದಾನವ್ವನಿಗೆ ಓದು ಬಾರದು. ಅವಳು ಹಾಳೆಯತ್ತ ನೋಡುತ್ತಲೂ ಇರಲಿಲ್ಲ. ಆದರೂ ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈಯಿಂದ ಕುರ್ಚಿ ಹಿಡಿದು, ಮುಖವನ್ನು ಒಂದು ಬದಿಗೆ ಹೊರಳಿಸಿಕೊಂಡಳು.

“ಮುಂದ ಬರೀರಿ ಸರ್,” ಎಂದಳು. “ಲಗೂ ಬರೀರಿ.”