ಅಮ್ಮ ಲಾರಿಯ ಆಯಿಲ್ ಬದಲಿಸಿದ ಮಧ್ಯಾಹ್ನ

ಸುಟ್ಟ ಎಂಜಿನ್ ಆಯಿಲಿನ ವಾಸನೆ ಬಂದರೆ ನನಗೆ ಈಗಲೂ ನಗು ಬರುತ್ತದೆ.

ಆಗ ನಾವು ತಮಿಳು ಸೀಮೆಯ ಮಣಲಿಯಲ್ಲಿದ್ದೆವು. ಅಪ್ಪನ ಬಲಗೈ ಮುರಿದಿದ್ದರಿಂದ, ಮನೆ ಮುಂದೆ ನಿಂತಿದ್ದ ನಮ್ಮ ಲಾರಿಯ ಆಯಿಲ್ ಬದಲಿಸಲು ಅಮ್ಮನೇ ಸೆರಗು ಸಿಕ್ಕಿಸಿ ಅದರಡಿಗೆ ನುಸುಳಿದಳು.

"ಎಡಕ್ಕೆ ತಿರುಗಿಸು, ಮೆಲ್ಲಗೆ ಕಣೇ," ಎಂದರು ಅಪ್ಪ.

ಬೋಲ್ಟು ಕಳಚಿ, ಬೆಚ್ಚನೆಯ ಕಪ್ಪು ಆಯಿಲ್ ಹಳೇ ಟಬ್ಬಿಗೆ ಸುರಿಯಿತು. ಅಮ್ಮನ ಕೆನ್ನೆಗೂ ಸಿಡಿಯಿತು. ಎಲ್ಲ ಇಳಿದ ಮೇಲೆ ಬೋಲ್ಟು ಬಿಗಿದು, ಜೇನಿನ ಬಣ್ಣದ ಹೊಸ ಆಯಿಲನ್ನು ಒಂದು ಹನಿಯೂ ಚೆಲ್ಲದೆ ತುಂಬಿದಳು. ಆಮೇಲೆ ಮೊದಲ ಸಲ ಡ್ರೈವರ್ ಸೀಟಿಗೆ ಹತ್ತಿ ಕೀ ತಿರುಗಿಸಿದಳು. ಎಂಜಿನ್ ಗುಡುಗಿತು.

ನಾನು ಬಗ್ಗಿ ನೋಡಿ, "ಸೋರ್ತಿಲ್ಲಮ್ಮಾ!" ಎಂದು ಕೂಗಿದೆ.

"ಪೋದುಂ, ಸಾಕು ಇಳಿಯೇ," ಎಂದರು ಅಪ್ಪ.

ಅಮ್ಮ ಉದ್ದಕ್ಕೆ ಹಾರ್ನ್ ಒತ್ತಿದಳು.

"ಇರಿ, ಇಲ್ಲಿಂದ ಬೀದಿಯೆಲ್ಲಾ ಕಾಣುತ್ತೆ," ಎಂದು ನಕ್ಕು, ನನ್ನನ್ನೂ ಮೇಲಕ್ಕೆ ಎಳೆದುಕೊಂಡಳು.